ಪಿಕಪ್ಪಿನ ಮೇಲೆ ಇನ್ನೂ ಹೊತ್ತುಂಟು

ಸೂರ್ಯನ ಜೊತೆ ಪಂಥ ಕಟ್ಟಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ದಿನಾ ನೋಡುತ್ತೇನೆ. ಬೆಳಿಗ್ಗೆ ಅವರಿಗೆ ಕಾಫಿ ಮಾಡಿಕೊಡುವವಳೂ ನಾನೇ. ನಮ್ಮ ಯಜಮಾನರಿಗೆ ಮರ್ಲು, ಹುಚ್ಚು ಎಂದು ಮೂಡುಬಿದಿರೆಯಲ್ಲಿ ಕೆಲವರು ಹೇಳುವುದುಂಟು. ಅದು ಸುಳ್ಳು. ಮರ್ಲಿಗಾದರೆ ಡಾಕ್ಟರರ ಹತ್ತಿರ ಮದ್ದು ಉಂಟು, ಇವರದ್ದಕ್ಕೆ ಇಲ್ಲ.

ಇವರು ಜೀವಮಾನವಿಡೀ ಪಿಕಪ್ಪಿನಲ್ಲಿ ಕೆಂಪುಕಲ್ಲು ಸಾಗಿಸಿದವರು. ಬಂಟ್ವಾಳ, ಬೆಳ್ತಂಗಡಿ ಕಡೆ ಯಾವ ಗೋಡೆ ಕಂಡರೂ "ಇದು ನನ್ನ ಕಲ್ಲು" ಎನ್ನುತ್ತಾರೆ. ಮನೆ ಕಟ್ಟಿಸಿದವರು ಎದುರಿಗೇ ನಿಂತಿದ್ದರೂ ಇವರಿಗೆ ನಾಚಿಕೆಯಿಲ್ಲ. ಸೊಂಟ ಹಿಡಿದ ಮೇಲೆ ಕಲ್ಲಿನ ಕೆಲಸ ನಿಂತಿತು. "ಗಾಡಿ ಮಾರಿಬಿಡಿ ಅಪ್ಪ" ಎಂದು ಮಗ ಹೇಳಿದ. ಇವರು ತಲೆಯಾಡಿಸಿದರು, ಮರುದಿನ ಪಿಕಪ್ಪನ್ನು ಒಯ್ದು ವೆಲ್ಡಿಂಗ್ ಅಂಗಡಿಯಲ್ಲಿ ಬಿಟ್ಟು ಬಂದರು.

ತಿಂಗಳು ಕಳೆದು ಅದು ಮನೆಗೆ ಬಂದಾಗ ಬೆನ್ನ ಮೇಲೆ ಒಂದು ತಗಡಿನ ಕೋಣೆಯನ್ನು ಹೊತ್ತುಕೊಂಡಿತ್ತು. ಒಳಗೆ ಎರಡು ಮಂಚ, ಗ್ಯಾಸಿನ ಒಲೆ, ನೀರಿನ ಡ್ರಮ್ಮು, ನೀರು ಸೋಸಲು ನಲ್ಲಿಯ ಬಾಯಿಗೆ ಕಟ್ಟಿದ ಬಿಳಿ ಬಟ್ಟೆ. ಇಷ್ಟು ಸರಿ. ಆದರೆ ಹಿಂದುಗಡೆ ಕೋಣೆಯ ಮಾಡಿನ ಮೇಲಕ್ಕೆ ಹತ್ತಲು ಒಂದು ಕಬ್ಬಿಣದ ಏಣಿಯನ್ನೂ ಬೆಸೆಯಿಸಿದ್ದರು. ಅದರ ಮೆಟ್ಟಿಲುಗಳ ನಡುವೆ ಒಂದು ಗೇಣೂ ಅಂತರವಿಲ್ಲ. ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ ಬೇರೆ.

"ಇದೇನು, ಕೋಳಿ ಹತ್ತುವ ಏಣಿಯಾ?" ಎಂದೆ.

"ಇರಲಿ, ಉಪಯೋಗಕ್ಕೆ ಬರ್ತದೆ."

"ಅಷ್ಟೂ ಕಬ್ಬಿಣ ದಂಡ."

"ಕಬ್ಬಿಣ ನನ್ನದು, ಬಾಯಿ ನಿನ್ನದು. ಎರಡೂ ಇರಲಿ," ಎಂದರು.

ಇದೆಲ್ಲ ಯಾಕೆ ಎಂದರೆ ನನಗೆ ಊರು ತೋರಿಸಲಿಕ್ಕಂತೆ. ಅವರು ಕಲ್ಲು ಹೊತ್ತು ತಿರುಗಿದ ದಾರಿಗಳನ್ನೆಲ್ಲ ನಾನು ಒಮ್ಮೆ ನೋಡಬೇಕಂತೆ. ಮೊಣಕಾಲು ಕೈಕೊಟ್ಟ ಮೇಲೆ ನಾನು ಬಸದಿಗೆ ಬಿಟ್ಟು ಬೇರೆ ಎಲ್ಲಿಗೂ ಹೋಗುವವಳಲ್ಲ. ಅಲ್ಲಿಯೂ ಮೆಟ್ಟಿಲಿನ ಕೆಳಗೆ ನಿಂತು ಕೈಮುಗಿದು ಬರುತ್ತೇನೆ. ಅದೂ ಅಲ್ಲದೆ ನಾವು ಜೈನರು. ಹೊತ್ತು ಮುಳುಗಿದ ಮೇಲೆ ನನ್ನ ಬಾಯಿಗೆ ಒಂದು ಅಗುಳು ಹೋಗುವುದಿಲ್ಲ. ಬಡಿಸುವುದು ತಡವಾಯಿತೆಂದು ಮದುವೆಮನೆಯಿಂದ ಹಸಿದೇ ಬಂದವಳು ನಾನು. ದಾರಿಯಲ್ಲಿ ಅಡುಗೆ ಮಾಡುವವರು ಯಾರು, ಅದು ಬೇಯುವ ತನಕ ಸೂರ್ಯನನ್ನು ಹಿಡಿದು ನಿಲ್ಲಿಸುವವರು ಯಾರು?

"ಎರಡೂ ನಾನೇ ಮಾಡ್ತೇನೆ. ನೀನು ಸೌಟು ಮುಟ್ಟುವುದು ಬೇಡ."

"ಒಂದೇ ಒಂದು ಸಂಜೆ ನಾನು ಹಸಿದು ಮಲಗಿದರೆ?"

"ಮರುದಿನವೇ ಪಿಕಪ್ ಮಾರ್ತೇನೆ."

ನಾನು ಕೂಡಲೇ ಸೀರೆ ಮಡಚಿ ಚೀಲಕ್ಕೆ ಹಾಕಿದೆ. ಗಾಡಿ ಮಾರಿಸಲು ಇದಕ್ಕಿಂತ ಸುಲಭದ ದಾರಿ ಬೇರೆ ಯಾವುದು? ನನಗೆ ಕುಚ್ಚಲಕ್ಕಿಯ ಅನ್ನವೇ ಆಗಬೇಕು. ಅದು ಬೇಯುವಷ್ಟು ಹೊತ್ತು ಒಂದು ಕಡೆ ಕೂರುವ ಜಾತಿ ನಮ್ಮ ಯಜಮಾನರದ್ದಲ್ಲ.

ಆದರೆ ಮನುಷ್ಯ ಅದಕ್ಕೂ ಯೋಚನೆ ಮಾಡಿದ್ದರು. ಮರದ ಪೆಟ್ಟಿಗೆಯೊಂದರಲ್ಲಿ ಬೈಹುಲ್ಲು ತುಂಬಿಸಿದ್ದರು. ಅಕ್ಕಿಯನ್ನು ಒಂದು ಕುದಿ ಬರಿಸಿ, ಪಾತ್ರೆಯ ಬಾಯಿ ಮುಚ್ಚಿ, ಆ ಹುಲ್ಲಿನಲ್ಲಿ ಹೂತಿಟ್ಟು ಗಾಡಿ ಬಿಡುವುದು. ನಾವು ಹೋಗುತ್ತಿದ್ದ ಹಾಗೆ ಅದು ಹುಲ್ಲು ಹಿಡಿದಿಟ್ಟ ಶಾಖಕ್ಕೆ ತನ್ನಷ್ಟಕ್ಕೆ ಬೇಯುತ್ತದಂತೆ. ಬೆಂದಂತೆಯೇ ಎಂದುಕೊಂಡೆ. ಮೊದಲ ದಿನ ಸಂಜೆ ಬಂಟ್ವಾಳದಲ್ಲಿ ಹೊಳೆಬದಿಗೆ ಗಾಡಿ ನಿಲ್ಲಿಸಿ ಪೆಟ್ಟಿಗೆ ತೆರೆದರು. ಐದನೇ ಕ್ಲಾಸು ದಾಟದ ನನಗೆ ಹೊಗಳಲು ಮಾತು ಕಮ್ಮಿ. ಅಂಥ ಅನ್ನ ನನ್ನ ಒಲೆಯಲ್ಲಿ ಆದದ್ದು ನೆನಪಿಲ್ಲ. ಜೊತೆಗೆ ತೊಂಡೆಕಾಯಿ ಪಲ್ಯ.

"ಪಲ್ಯಕ್ಕೆ ಉಪ್ಪು ಕಮ್ಮಿ," ಎಂದೆ. ಅಷ್ಟೂ ಹೇಳದಿದ್ದರೆ ಹೆಂಡತಿ ಎಂದು ಒಬ್ಬಳು ಯಾಕೆ?

ನಾನು ಉಂಡು ಕೈತೊಳೆದರೂ ಇವರು ಹೊಳೆಗೆ ಬಂದವರಿಗೆಲ್ಲ ಪೆಟ್ಟಿಗೆಯ ವಿದ್ಯೆ ವಿವರಿಸುತ್ತಲೇ ಇದ್ದರು. ಮಾತು ಮುಗಿಯುವಾಗ ಸೂರ್ಯ ಆಚೆ ದಡದ ತೆಂಗಿನ ಮರಗಳ ಹಿಂದೆ ಹೋಗಿಯಾಗಿತ್ತು. ಇವರು ಬಟ್ಟಲು ಹಿಡಿದುಕೊಂಡು ಏಣಿ ಹತ್ತಿ ಪಿಕಪ್ಪಿನ ಮಾಡಿನಲ್ಲಿ ಕುಳಿತು ಉಣ್ಣತೊಡಗಿದರು.

"ಹೊತ್ತು ಮುಳುಗಿತಲ್ಲ ಮಾರಾಯ್ರೆ!"

"ನಿನಗೆ ಮುಳುಗಿತು. ಇಲ್ಲಿಗೆ ಇನ್ನೂ ಕಾಣ್ತದೆ."

"ಕೆಳಗಿದ್ದವರಿಗೆ ಒಂದು ಸೂರ್ಯ, ಮೇಲಿದ್ದವರಿಗೆ ಇನ್ನೊಂದಾ?"

"ಒಂದೇ. ಆದರೆ ಹತ್ತಿದವರಿಗೆ ಸ್ವಲ್ಪ ಜಾಸ್ತಿ ಸಿಗ್ತದೆ. ಕಲ್ಲಿನ ಲೋಡಿನ ಮೇಲೆ ಇಷ್ಟು ವರ್ಷ ಹೀಗೆಯೇ ಉಂಡದ್ದು ನಾನು. ನೀನೂ ಹತ್ತಿ ನೋಡು."

"ನನ್ನ ಮೊಣಕಾಲು ಏನು ನಿಮ್ಮ ಪಿಕಪ್ಪಾ, ವೆಲ್ಡಿಂಗ್ ಮಾಡಿಸಲಿಕ್ಕೆ?" ಎಂದು ಹೇಳಿ ಮಲಗಿದೆ.

ಮರುದಿನ ಕನ್ಯಾನಕ್ಕೆ ಹೊರಟೆವು. ಅಲ್ಲಿಯ ದಾರಿಯಲ್ಲಿ ತಿರುವು ಜಾಸ್ತಿ, ಪ್ರತಿ ತಿರುವಿಗೂ ಇವರ ಹಾರ್ನು ಜಾಸ್ತಿ. ನಮ್ಮ ಪಿಕಪ್ಪಿನ ಹಾರ್ನು ಪೋಂ ಪೋಂ ಎನ್ನುತ್ತದೆ. ನಮ್ಮ ಕಡೆ ಮೀನು ಮಾರುವ ಗಾಡಿಯವರು ಒತ್ತುವುದೂ ಅಂಥದ್ದನ್ನೇ ಎಂಬುದು ಇವರಿಗೆ ಹೊಳೆದಿರಲಿಲ್ಲ. ಒಂದು ಅಂಗಡಿಯ ಹತ್ತಿರ ನಿಲ್ಲಿಸಿದ್ದೇ ತಡ, ಮೂರ್ನಾಲ್ಕು ಹೆಂಗಸರು ಪಾತ್ರೆ ಹಿಡಿದು ಬಂದರು.

"ಬಂಗುಡೆ ಹೇಗೆ ಅಜ್ಜ ಇವತ್ತು?"

"ಬಂಗುಡೆ ಇಲ್ಲ."

"ಬೂತಾಯಿ ಆದರೂ ಕೊಡಿ."

"ನಾವು ಜೈನರು ಮಾರಾಯ್ತಿ."

"ಜೈನರು ಯಾವಾಗಿಂದ ಮೀನು ಮಾರಲಿಕ್ಕೆ ಶುರು ಮಾಡಿದ್ದು?"

ಹೆಂಗಸರು ನಗುತ್ತಾ ತಿರುಗಿ ಹೋದರು. ಅವರ ಹಿಂದೆಯೇ ಬಂದಿದ್ದ ಬೆಕ್ಕುಗಳು ಹೋಗಲಿಲ್ಲ. ಅವಕ್ಕೆ ಜಾತಿ ಹೇಳಿ ನಂಬಿಸುವುದು ಹೇಗೆ? ಹುಟ್ಟಿದಂದಿನಿಂದ ಮೀನು ಮುಟ್ಟದ ನಾವು ಬೆಕ್ಕುಗಳ ಮೆರವಣಿಗೆ ಕಟ್ಟಿಕೊಂಡು ಕನ್ಯಾನ ನೋಡಿದೆವು. ಅಂಗಡಿಯ ಬ್ಯಾರಿ ಸಾಹೇಬರು ನಮಗೆ ಲಿಂಬೆ ಶರಬತ್ತು ಮಾಡಿಕೊಟ್ಟು, "ಅಜ್ಜ, ಒಂದೋ ಹಾರ್ನ್ ಬದಲಿಸಿ, ಇಲ್ಲದಿದ್ದರೆ ಐಸ್ ತುಂಬಿಸಿ," ಎಂದರು. ಇವರು ಹಾರ್ನ್ ಬದಲಿಸಲಿಲ್ಲ. ಆ ಸಂಜೆ ಹೊತ್ತಿರುವಾಗಲೇ ನನಗೆ ಹೆಸರುಕಾಳಿನ ಗಸಿ, ಅನ್ನ ಬಡಿಸಿದರು. ಗಸಿಗೆ ಹುಳಿ ಜಾಸ್ತಿ ಎಂದೆ.

ಕೊನೆಯ ದಿನ ಮುಂಡಾಜೆ. ಆ ಊರಿನ ಹೆಸರು ಹೇಳುವಾಗಲೇ ಇವರ ಮುಖ ಬೇರೆಯಾಗುತ್ತಿತ್ತು. ಚಾರ್ಮಾಡಿಗೆ ಹೋಗುವ ಆ ರಸ್ತೆಯಲ್ಲಿ ಒಂದು ಜಾಗ ಉಂಟು, ಅದನ್ನೇ ನನಗೆ ತೋರಿಸಬೇಕಾದ್ದು ಎನ್ನುತ್ತಿದ್ದರು. ಆದರೆ ದಾರಿಯಲ್ಲಿ ಗುರುವಾಯನಕೆರೆ ಸಿಕ್ಕಿತು. ಅಲ್ಲಿ ಬಸ್ಸಿಗೆ ಕಾಯುತ್ತಿದ್ದವರು "ಇದೆಂಥ ಗಾಡಿ?" ಎಂದು ಕೇಳಿದ್ದೇ ಸಾಕಾಯಿತು. ಹಿಂದಿನ ಬಾಗಿಲು ತೆರೆದು, ಪೆಟ್ಟಿಗೆಯನ್ನು ಅಂಚಿಗೆ ಎಳೆದು, ಮುಚ್ಚಳ ತೆಗೆದು ಭಾಷಣ ಶುರು ಮಾಡಿದರು. ಕೇಳುವವರ ಕಡೆಗೆ ಮುಖ, ಪೆಟ್ಟಿಗೆಯ ಕಡೆಗೆ ಬೆನ್ನು. ಆ ಬೆನ್ನಿನ ಹಿಂದೆ ಒಂದು ಬೀದಿ ದನ ಬಂದು ಹುಲ್ಲನ್ನೆಲ್ಲ ಎಳೆದು ತಿಂದಿತು. ಯಾರೂ ಓಡಿಸಲಿಲ್ಲ. ಅದೂ ಪ್ರದರ್ಶನದ ಒಂದು ಭಾಗ ಎಂದು ತಿಳಿದಿದ್ದರೋ ಏನೋ.

ಹೀಗೆ ದನ ನಮ್ಮ ಒಲೆಯನ್ನೇ ತಿಂದುಬಿಟ್ಟಿತು. ಪಾತ್ರೆ ತಣ್ಣಗೆ, ಅಕ್ಕಿ ಕಲ್ಲು. ಈರುಳ್ಳಿ ಬೆಳ್ಳುಳ್ಳಿ ತಿನ್ನದ ನನಗೆ ಹೋಟೆಲಿನದ್ದು ಆಗುವುದಿಲ್ಲ.

"ಇಲ್ಲಿಯೇ ಗ್ಯಾಸು ಹಚ್ಚಿ," ಎಂದೆ.

"ಇಲ್ಲ. ಇವತ್ತಿನ ಊಟ ಮುಂಡಾಜೆಯಲ್ಲೇ."

ನನಗೇನು? ಪಿಕಪ್ಪನ್ನು ಯಾರು ಕೊಂಡುಕೊಂಡಾರು ಎಂದು ಮನಸ್ಸಿನಲ್ಲೇ ಗಿರಾಕಿ ಹುಡುಕುತ್ತಾ ಕುಳಿತೆ.

ಬೆಳ್ತಂಗಡಿ ಪೇಟೆಯಲ್ಲಿ ಗಾಡಿಗಳ ಸಾಲಿಗೆ ಸಿಕ್ಕಿಬಿದ್ದು ಮತ್ತೂ ತಡವಾಯಿತು. ಮುಂಡಾಜೆಯಲ್ಲಿ ಇಳಿಜಾರಿನ ರಬ್ಬರ್ ತೋಟದ ಮೇಲ್ಬದಿಗೆ ಗಾಡಿ ನಿಲ್ಲಿಸಿ ಇವರು ಒಲೆ ಹಚ್ಚಿದರು. ಒಮ್ಮೆ ಪಾತ್ರೆ ನೋಡುವುದು, ಒಮ್ಮೆ ಪಡುವಣ ನೋಡುವುದು. ಕಲ್ಲಿನ ಗೋಡೆಯ ಜೊತೆಗೂ ಮಾತಾಡುವ ಮನುಷ್ಯ ಸುಮ್ಮನಾದರೆ ನೋಡಲು ಚಂದ ಇರುವುದಿಲ್ಲ. ಅನ್ನ ಬಸಿಯಲು ಪಾತ್ರೆ ಇಳಿಸುವಾಗ ಸೂರ್ಯ ರಬ್ಬರ್ ಮರಗಳ ಹಿಂದೆ ಇಳಿದ.

ನನ್ನ ಕಣ್ಣಿಗೆ ಪೊರೆ ಬಂದಿದೆ. "ಇನ್ನೂ ಹೊತ್ತುಂಟು, ಉಣ್ಣು" ಎಂದು ಇವರು ಹೇಳಿದ್ದರೆ ನಾನು ನಂಬಿ ಉಣ್ಣುತ್ತಿದ್ದೆ. ಅದು ಇವರಿಗೂ ಗೊತ್ತು.

"ಮುಳುಗಿತು," ಎಂದರು. "ಸೋತೆ. ನಾಳೆ ಗಾಡಿ ಮಾರುವ."

ಹೇಳಿ, ಪಿಕಪ್ಪಿನ ಮೈಯನ್ನು ಎಮ್ಮೆಯ ಬೆನ್ನು ಸವರಿದ ಹಾಗೆ ಒಮ್ಮೆ ಸವರಿದರು. ಗೆದ್ದದ್ದು ನಾನು. ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಹಸಿವೆಗೆ ಇರಬೇಕು.

"ಬಟ್ಟಲಿಗೆ ಹಾಕಿ ತನ್ನಿ," ಎಂದು ಹೇಳಿ ಏಣಿಯ ಹತ್ತಿರ ಹೋದೆ.

"ಎಲ್ಲಿಗೆ?"

"ಕೋಳಿ ಗೂಡಿಗೆ."

ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಮೊಣಕಾಲು ಏನೂ ಹೇಳಲಿಲ್ಲ. ಎರಡನೆಯದಕ್ಕೂ ಹೇಳಲಿಲ್ಲ. ನನ್ನ ಕಾಲು ಎಲ್ಲಿಯವರೆಗೆ ಏಳುತ್ತದೋ ಅಲ್ಲಿಯೇ ಮೆಟ್ಟಿಲು ಬಂದು ನಿಂತಿತ್ತು. ಕೈ ಎಲ್ಲಿ ಹುಡುಕಿತೋ ಅಲ್ಲಿ ಕಂಬಿ ಇತ್ತು. ಅರ್ಧಕ್ಕೆ ಬಂದ ಮೇಲೆ ನನ್ನ ದಡ್ಡ ತಲೆಗೆ ಹೋಯಿತು: ಇದು ಇವರಿಗೆ ಮಾಡಿಸಿದ ಏಣಿಯಲ್ಲ. ಬಸದಿಯ ಮೆಟ್ಟಿಲ ಕೆಳಗೆ ನಾನು ನಿಲ್ಲುವುದನ್ನು ನೋಡಿ ನೋಡಿ, ನನ್ನ ಕಾಲಿಗೆಂದೇ ಅಳತೆ ಹಿಡಿದು ಮಾಡಿಸಿದ್ದು.

ಮೇಲೆ ಹೊತ್ತಿತ್ತು. ರಬ್ಬರ್ ಮರಗಳ ತಲೆಯ ಮೇಲೆ ಎರಡು ಬೆರಳಿನಷ್ಟು ಸೂರ್ಯ ಉಳಿದಿದ್ದ, ಪೊರೆ ಬಂದ ಕಣ್ಣಿಗೂ ಕಾಣುವಷ್ಟು ಕೆಂಪಗೆ. ಮೂಡಲಿಗೆ ಚಾರ್ಮಾಡಿಯ ಬೆಟ್ಟಗಳೆಲ್ಲ ಅದೇ ಬಣ್ಣ. ಇವರು ಬಟ್ಟಲು ತಂದುಕೊಟ್ಟು ಪಕ್ಕದಲ್ಲಿ ಕುಳಿತರು.

"ಬೇಗ ಉಣ್ಣು. ನೀನು ಕಟ್ಟಿಕೊಟ್ಟ ಬುತ್ತಿಯನ್ನು ನಾನು ಬಿಚ್ಚುತ್ತಿದ್ದದ್ದು ಇಲ್ಲಿಯೇ. ಪ್ರತಿ ಸಲ ನಿನಗೊಮ್ಮೆ ತೋರಿಸಬೇಕು ಅಂತ ಆಗ್ತಿತ್ತು."

ನಾನು ಉಂಡೆ. ಕೊನೆಯ ತುತ್ತು ಬಾಯಿಗೆ ಹೋದ ಮೇಲೆ ಸೂರ್ಯ ಹೋದ.

"ಅನ್ನ ಹೇಗಾಗಿದೆ?" ಎಂದು ಕೇಳಿದರು.

ಅನ್ನ ಅರ್ಧವೂ ಬೆಂದಿರಲಿಲ್ಲ. ಜಗಿಯುವ ಸದ್ದು ಅವರಿಗೂ ಕೇಳಿಸಿರಬೇಕು.

"ಸರಿ ಆಗಿದೆ," ಎಂದೆ.