ಭಾವನ ಎರಡು ಸಾಲು

ನಮ್ಮ ಭಾವ, ಅಂದರೆ ನನ್ನ ತಂಗಿಯ ಗಂಡ, ದನಿ ಹೋದ ಮೇಲೂ ಬಾಯಿ ಮುಚ್ಚದ ಮನುಷ್ಯ! ಸಿದ್ದಾಪುರದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿ ಗುಡ್ಡದಾಚೆಗೂ ಕೇಳುವಂತೆ ಕೂಗುತ್ತಿದ್ದವರು. ಗಂಟಲಿನ ಆಪರೇಷನ್ ಆಗಿ ದನಿ ನಿಂತಿತು. ಬೇರೆಯವರಾಗಿದ್ದರೆ ಸ್ಲೇಟು ಹಿಡಿಯುತ್ತಿದ್ದರು. ಇವರು ಹಿಡಿಯುವವರೇ? ಮುಚ್ಚಿದ ಅಂಗಡಿಯೊಂದರಿಂದ, ಗಿರಾಕಿಗೆ ಬೆಲೆ ತೋರಿಸುವ ಹಸಿರು ಅಕ್ಷರದ ಡಬ್ಬಿ ಹೊತ್ತು ತಂದರು. ಮೊಬೈಲಿನಲ್ಲಿ ನೋಡಿ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತರು. ಸೀರಿಯಲ್ ವೈರು ಚುಚ್ಚಿ, ಕಂಪ್ಯೂಟರಿನಲ್ಲಿ ಒತ್ತಿದ್ದು ಡಬ್ಬಿಯಲ್ಲಿ ಬೆಳಗುವಂತೆ ಮಾಡಿದರು. ಎರಡೇ ಸಾಲು, ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ತಂಗಿಗೋ ಇಂಗ್ಲಿಷ್ ಅಕ್ಷರ ಬಾರದು. ಗಂಡನಿಗೆ ಇದಕ್ಕಿಂತ ಸುಖ ಬೇಕೆ?

ಅವಳು ಬಡಿಸುವಾಗ ಡಬ್ಬಿ ಬೆಳಗಿತು: "ಉಪ್ಪಿಟ್ಟಿಗೆ ಉಪ್ಪಿಲ್ಲ. ನಗಬೇಡಿ."

ನಕ್ಕೆವು.

"ಏನಂತೆ ಅಣ್ಣ?"

"ಹೊಗಳ್ತಾ ಇದಾರೆ ಕಣವ್ವ."

"ನಂಗೊತ್ತು ಬಿಡು!" ಎಂದು ಇನ್ನೊಂದು ಸೌಟು ಹಾಕಿದಳು.

ಒಂದು ಭಾನುವಾರ ನೆಂಟರೊಡನೆ ಇಸ್ಪೀಟಿಗೆ ಕೂತಿದ್ದೆ. ಎಲ್ಲರೂ ನನ್ನ ಬೆನ್ನ ಹಿಂದೆ ನೋಡಿ ಮುಸಿಮುಸಿ ನಗುತ್ತಿದ್ದಾರೆ. ತಿರುಗಿದರೆ ಡಬ್ಬಿ: "ಭಾವನ ಕೈಲಿ ಎರಡು ಜೋಕರ್." ಅವರಿಗೆ ನಾನೂ ಭಾವನೇ. ನನಗೆ ಮೈಯೆಲ್ಲ ಉರಿಯಿತು.

"ದೇವ್ರು ಸುಮ್ನೆ ನಿಮ್ಮ ಬಾಯಿ ಕಿತ್ಕೊಂಡಿಲ್ಲ!" ಎಂದುಬಿಟ್ಟೆ.

ನಗು ನಿಂತಿತು. ಭಾವ ಡಬ್ಬಿಯನ್ನು ಅಳಿಸಿ ಖಾಲಿ ಬಿಟ್ಟರು. ಎದ್ದು ಬಂದೆ. ಮಳೆಗಾಲ ಪೂರ್ತಿ, ನಾಳೆ ಹೋಗಿ ತಪ್ಪಾಯಿತು ಎಂದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಭಾವ ಹೋಗಿಬಿಟ್ಟರು.

ತಿಥಿಯ ದಿನ ತಂಗಿ ಹೇಳಿದಳು: "ಆಸ್ಪತ್ರೆಗೆ ಹೊರಡೋ ಮುಂಚೆ ಏನೋ ಒತ್ತಿದ್ರು ಅಣ್ಣ. ನಿಂಗೇ ಅಂತ ಸನ್ನೆ ಮಾಡಿದ್ರು. ಕರೆಂಟ್ ಹೋದ್ರೂ ಆರಬಾರ್ದು ಅಂತ ಇನ್ವರ್ಟರಿಗೆ ಹಾಕಿದಾರೆ. ಬೇರೆ ಯಾರೂ ಓದ್ಬಾರ್ದು ಅಂತ ನಾನು ಬಟ್ಟೆ ಮುಚ್ಚಿದೀನಿ."

ಬಟ್ಟೆ ಸರಿಸಿದೆ. ಕನ್ನಡಕಕ್ಕೆ ಜೇಬು ತಡಕುವಾಗ ಗುಡುಗಿತು. ನಮ್ಮ ಕಡೆ ಗುಡುಗಿದರೆ ಕೈ ತಲೆಯನ್ನು ಕೇಳುವುದಿಲ್ಲ. ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುತ್ತದೆ. ಕಿತ್ತೆ.

ಹಸಿರು ಆರಿತು. ಮತ್ತೆ ಚುಚ್ಚಿದರೆ ಖಾಲಿ ಡಬ್ಬಿ! ಕರೆಂಟು ಇರುವಷ್ಟೇ ಅದರ ನೆನಪು. ಕಂಪ್ಯೂಟರಿನಲ್ಲೂ ಉಳಿಸಿರಲಿಲ್ಲ. ಆಡುವ ಮಾತನ್ನು ಯಾರಾದರೂ ಉಳಿಸಿಡುತ್ತಾರೆಯೇ? ಬೈದಿದ್ದರೋ, ಕರೆದಿದ್ದರೋ!

"ಓದಿದ್ಯಾ ಅಣ್ಣ? ಏನಂತೆ?"

"ನಿನ್ನ ಉಪ್ಪಿಟ್ಟು ತಿಂದು ಹೋಗ್ಬೇಕಂತೆ ಕಣವ್ವ. ಅಷ್ಟು ಚೆನ್ನಾಗಿರುತ್ತಂತೆ."

"ನಂಗೊತ್ತು ಬಿಡು" ಎಂದಳು, ಸೆರಗಿನಿಂದ ಕಣ್ಣೊರೆಸಿಕೊಂಡು.

ಈಗ ಡಬ್ಬಿ ನನ್ನ ಮನೆಯಲ್ಲಿದೆ. ಹತ್ತನೇ ತರಗತಿಗೇ ಓದು ನಿಲ್ಲಿಸಿದ ನಾನು ಹೆಣಗಾಡಿ ಭಾವನ ಪ್ರೋಗ್ರಾಂ ತೆರೆಯಲು ಕಲಿತೆ. ಮೇಲಿನ ಸಾಲಿನಲ್ಲಿ "ಭಾವ", ಕೆಳಗೆ "ತಪ್ಪಾಯ್ತು" ಎಂದು ಒತ್ತಿದೆ.

ನಿನ್ನೆ ಮತ್ತೆ ಗುಡುಗಿತು. ಕೈ ಕಟ್ಟಿ ಕೂತೆ.