ಕಾಕಾ ತಂದ ಮೆಮೊರಿ ಕಾರ್ಡು

ಚಿಕ್ಕೋಡಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಕೆಟ್ಟ ಮೆಮೊರಿ ಕಾರ್ಡಿನಿಂದ ಅಳಿಸಿಹೋದ ಫೋಟೋ ಮರಳಿ ತೆಗೆಯುವುದನ್ನೂ ಕಲಿತಿದ್ದೇನೆ. ಅದಕ್ಕೆ ಬರುವವರು ಹೆಚ್ಚಾಗಿ ಮನೆಯವರನ್ನು ಕಳೆದುಕೊಂಡವರೇ. ಆದರೂ ಅಳುತ್ತ ಬಂದವರೇ ನಗಿಸಿ ಹೋಗುವುದು ಇಲ್ಲಿ ನಡೆದೇ ಇರುತ್ತದೆ.

ಅಕ್ಷರ

ಬೋರಗಾಂವದ ಕಾಕಾ ಒಬ್ಬರು ಬಂದರು. ಮಗ್ಗ ನಡೆಸುವವರು. ಕರ್ಚೀಪಿನ ಗಂಟು ಬಿಚ್ಚಿ ಕಾರ್ಡು ಕೊಟ್ಟರು.

"ತಂಗಿ, ಇದರಾಗ ಎಲ್ಲ್ಯರ ನನ್ನ ಹೇಂತಿ ಇರಬೇಕು. ಹೋದ ತಿಂಗಳ ತೀರಿಕೊಂಡ್ಲು. ಗ್ವಾಡಿಗೆ ಹಾಕಾಕ ಒಂದು ಫೋಟೋ ಬೇಕವ್ವ."

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ಕಾರ್ಡಿನಲ್ಲಿ ಫೋಟೋದ ಬೈಟುಗಳನ್ನು, ಅಂದರೆ ಅದರ ಚೂರುಚೂರು ಮಾಹಿತಿಯನ್ನು, ಹುಡುಕಿ ಬೇರೆ ಫೈಲಿಗೆ ಬರೆಯಬೇಕು. ಫೈಲು ತೆರೆಯುವಾಗ ಬರೆಯಲು 'ಡಬ್ಲ್ಯೂ', ಬರೆಯುವುದು ಅಕ್ಷರವಲ್ಲ ಎನ್ನಲು ಅದರ ಜೊತೆ 'ಬಿ' ಹಾಕಬೇಕಿತ್ತು; 'ಬಿ' ಮರೆತೆ. ಪರದೆ ಮೇಲೆ ಕೆಂಪು ಸಾಲು ಬಂತು.

"ಏನಂತೈತಿ?" ಕಾಕಾ ಗಾಬರಿಯಾದರು.

"ಅಕ್ಷರ ಕೊಟ್ಟರ ಬರೀತೀನಿ, ಇದು ಅಕ್ಷರ ಅಲ್ಲ ಅಂತೈತ್ರಿ."

"ಖರೇ ಐತಲ್ಲವ್ವ," ಅಂದರು ಕಾಕಾ. "ಆಕಿಗೆ ಅಕ್ಷರ ಎಲ್ಲಿ ಬರ್ತಿದ್ವು? ಹೆಬ್ಬಟ್ಟು ಒತ್ತಾಕಿ."

ಒಂದೇ ಹೆಸರು

'ಬಿ' ಸೇರಿಸಿದ ಮೇಲೆ ಪ್ರೋಗ್ರಾಂ ಸರಸರ ಓಡಿತು. ಫೋಲ್ಡರ್ ತೆರೆದರೆ ಒಂದೇ ಫೋಟೋ: ಕೆಂಪು ಗುಲಾಬಿ, ಕೆಳಗೆ 'ಗುಡ್ ಮಾರ್ನಿಂಗ್'. ಕಾಕಾ ಅದನ್ನೇ ನೋಡುತ್ತ ಕೂತರು. ಅವರ ಮುಖ ಬಾಡಿತು.

"ಗಾಬರಿ ಆಗಬ್ಯಾಡ್ರಿ. ಎಲ್ಲಾ ಫೋಟೋಕ್ಕೂ ಒಂದ ಹೆಸರು ಕೊಟ್ಟೇನಿ. ಹೊಸಾದು ಬಂದಂಗೆಲ್ಲಾ ಹಳೇವು ಅಳಿಸಿ ಹೋಗ್ಯಾವ. ಕಾರ್ಡಿನಾಗ ಎಲ್ಲಾ ಹಂಗ ಅದಾವ. ಬ್ಯಾರೆ ಬ್ಯಾರೆ ಹೆಸರು ಕೊಟ್ಟು ಮತ್ತ ತಗೀತೀನಿ."

"ಎಂಥಾ ಮಶೀನವ್ವ ಇದು! ನಮ್ಮಾಕಿ ಮೊಮ್ಮಕ್ಕಳನ್ನ ಎಲ್ಲಾರನ್ನೂ 'ಬಾಳಾ' ಅಂತ ಒಂದ ಹೆಸರಿಲೇ ಕರೀತಿದ್ಲು. ಒಬ್ಬಾಂವನೂ ಅಳಿಸಿ ಹೋಗಲಿಲ್ಲ!"

ಗ್ವಾಡಿಗೆ

ಈ ಸಲ ನೂರಾರು ಫೋಟೋ ಬಂದವು. ಒಂದೊಂದೇ ತೆರೆದೆವು. ಎಮ್ಮೆ ಮುಂದಿನಿಂದ, ಎಮ್ಮೆ ಹಿಂದಿನಿಂದ, ಎಮ್ಮೆಯ ಕೆಚ್ಚಲು.

"ಬರೇ ಎಮ್ಮಿ ಅದಾವಲ್ರಿ ಕಾಕಾ?"

"ಮಾರಾಕ ತಗದಿದ್ದೆ."

"ಕಾಕೀದು ಒಂದೂ ತಗದಿಲ್ಲೇನ್ರಿ?"

"ಆಕಿನ್ನ ಎಲ್ಲಿ ಮಾರೂದಿತ್ತವ್ವ?" ಅಂದವರೇ ಖಾಲಿ ಕರ್ಚೀಪಿಗೆ ಮತ್ತೆ ಗಂಟು ಹಾಕತೊಡಗಿದರು. ತಾವೇ ಆಡಿದ ಮಾತು ತಮಗೇ ಚುಚ್ಚಿರಬೇಕು. "ಮನ್ಯಾಗ ದಿನಾ ಕಾಣಾಕಿ. ಫೋಟೋ ಯಾಕಂತ ತಿಳಕೊಂಡಿದ್ದೆ," ಅಂದರು. ನಾನು ಮುಂದಿನ ಫೋಟೋ ತೆರೆದೆ.

ಕೊನೆಕೊನೆಗೆ ಒಂದು ಫೋಟೋದ ಅಂಚಿನಲ್ಲಿ ಹಸಿರು ಸೀರೆ ಕಂಡಿತು. ದೊಡ್ಡದು ಮಾಡಿದೆ. ಕಾಕಿ ಎರಡೂ ಕೈಯಿಂದ ಎಮ್ಮೆಯ ಹಗ್ಗ ಜಗ್ಗುತ್ತ, ಬಾಯಿ ತೆರೆದು ಅದಕ್ಕೆ ಬೈಯುತ್ತಿದ್ದರು.

"ಆಕಿನ! ಆಕಿನ ಅದಾಳ!" ಕಾಕಾ ಪರದೆ ಮುಟ್ಟಿ ಮುಟ್ಟಿ ಅತ್ತರು. ನಾನೂ ಅತ್ತೆ. ಆಮೇಲೆ ಕೇಳಿದೆ, "ಎಮ್ಮಿ ತಗದು ಕಾಕೀನ ಅಷ್ಟ ಇಡ್ಲ್ಯಾ?"

ಕಾಕಾ ಮೂಗು ಒರೆಸಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದರು.

"ಬ್ಯಾಡವ್ವ, ಎಮ್ಮಿನೂ ಇರಲಿ. ಅದನ್ನ ತಗದಿ ಅಂದ್ರ, ಗ್ವಾಡಿ ಮ್ಯಾಲಿಂದ ದಿನಾ ನನಗ ಬೈದಂಗ ಕಾಣತೈತಿ."