ಡಿ ವರ್ಗದ ಜೋಗುಳ

ಅಚ್ಚುಕಟ್ಟು ಒಂದು ಗುಣ ಎಂದು ನನಗೆ ಮೇಷ್ಟರು ಹೇಳಿಕೊಟ್ಟಿದ್ದರು. ಅದು ಕಾಯಿಲೆ ಎಂದು ಹೇಳಿಕೊಟ್ಟವಳು ನನ್ನ ಹೆಂಡತಿ ಸರೋಜ. ಶಿಡ್ಲಘಟ್ಟದ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ಕಡತಗಳನ್ನು ವಿಂಗಡಿಸಿದವನು ನಾನು. ಎ ವರ್ಗ ಎಂದರೆ ಶಾಶ್ವತವಾಗಿ ಇಡತಕ್ಕದ್ದು, ಡಿ ವರ್ಗ ಎಂದರೆ ಅವಧಿ ಮುಗಿದ ಮೇಲೆ ನಾಶಪಡಿಸತಕ್ಕದ್ದು. ಮಧ್ಯದಲ್ಲಿ ಬಿ ಮತ್ತು ಸಿ ಇವೆ, ಅವು ಯಾರಿಗೂ ಅರ್ಥವಾಗುವುದಿಲ್ಲ. ಈ ಅಭ್ಯಾಸ ಸಂಜೆ ಐದೂವರೆಗೆ ಕಚೇರಿಯಲ್ಲೇ ಉಳಿಯದೆ ನನ್ನ ಜೊತೆ ಮನೆಗೂ ಬರುತ್ತದೆ. ಒಮ್ಮೆ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದೆ. ಮರುದಿನ ಸರೋಜ ಸಾಸಿವೆ ಚೀಟಿಯ ಡಬ್ಬದಲ್ಲಿ ಜೀರಿಗೆ ತುಂಬಿ ತನ್ನ ಅಭಿಪ್ರಾಯ ತಿಳಿಸಿದಳು.

ಮನೆಗೆ ಕಂಪ್ಯೂಟರೂ ಬ್ರಾಡ್‌ಬ್ಯಾಂಡೂ ಬಂದ ಕಾಲಕ್ಕೆ ಒಂದು ವೆಬ್‌ಸೈಟು ಕಣ್ಣಿಗೆ ಬಿತ್ತು. ನಮ್ಮ ಹಾಡುಗಳನ್ನು ಅದಕ್ಕೆ ಏರಿಸಿಟ್ಟರೆ ಯಾವ ಊರಿನಲ್ಲಿ ಕೂತಾದರೂ ಇಂಟರ್ನೆಟ್ಟಿನಲ್ಲೇ ಕೇಳಬಹುದಂತೆ. ಸಹೋದ್ಯೋಗಿ ನಂಜುಂಡಪ್ಪನಿಗೆ ಇದನ್ನು ಉತ್ಸಾಹದಿಂದ ವಿವರಿಸಿದೆ. ಅವನು ಎಲೆಗೆ ಸುಣ್ಣ ಸವರುತ್ತಾ, "ಅಂದ್ರೆ ಹಸು ನಮ್ದು, ಕೊಟ್ಟಿಗೆ ಇನ್ನೊಬ್ಬರ್ದು ಅನ್ನಪ್ಪ. ಹಾಲು ಕರ್ಕೊಳಕ್ಕೆ ಅವರ ಬಾಗ್ಲು ತಟ್ಬೇಕು," ಎಂದ. ಇದಕ್ಕಿಂತ ಸ್ಪಷ್ಟವಾಗಿ ಆ ವೆಬ್‌ಸೈಟಿನವರೂ ಹೇಳಿರಲಿಲ್ಲ. ಒಂದು ಹಾಡು ಏರುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಮುಕ್ಕಾಲು ಏರಿದಾಗ ಕರೆಂಟು ಹೋದರೆ ಮತ್ತೆ ಮೊದಲಿಂದ. ಹೀಗೆ ಆರು ತಿಂಗಳಲ್ಲಿ ನನ್ನ ಸಂಗ್ರಹ ಮೇಲೇರಿತು, ಜೊತೆಗೆ ನನ್ನ ಆಸಿಡಿಟಿಯೂ.

ಏರಿಸಿದ ಮೇಲೆ ವಿಂಗಡಿಸದೆ ಇರಲಾದೀತೆ? ಕನ್ನಡಕ್ಕೊಂದು ಕಪಾಟು, ತೆಲುಗಿಗೊಂದು ಕಪಾಟು. ನಮ್ಮದು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಆದ್ದರಿಂದ ಎರಡೂ ಸಮನಾಗಿ ತುಂಬಿದವು. ಯಾವ ಕಪಾಟಿಗೂ ಸೇರದ ಏಳು ಹಾಡುಗಳು ಮಾತ್ರ ಉಳಿದವು. ಹೆಸರು ಬರೀ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು. ತೆಲುಗಿನಲ್ಲಿ ಶುರುವಾಗಿ ಎರಡು ಸಾಲಾಗುವಷ್ಟರಲ್ಲಿ ಕನ್ನಡಕ್ಕೆ ಹೊರಳುತ್ತವೆ, ನಡುವೆ ಕುಕ್ಕರಿನ ಸೀಟಿ. ಮೊದಲರ್ಧ ನಿಮಿಷ ಕೇಳಿ, ಯಾರೋ ಹಳ್ಳಿಯವರದು ಎಂದುಕೊಂಡು ಡಿ ವರ್ಗಕ್ಕೆ ಹಾಕಿದೆ. ವೆಬ್‌ಸೈಟಿನಲ್ಲಿ ಜಾಗ ಸಾಲದೆ ಬಂದಾಗ ಕಚೇರಿಯ ಪದ್ಧತಿಯಂತೆ ನಾಶಪಡಿಸುವ ಪಟ್ಟಿ ಬರೆದೆ. ಮೇಲಧಿಕಾರಿಯ ಒಪ್ಪಿಗೆ ಇಲ್ಲದೆ ನಾನು ಚಿಂದಿ ಕಾಗದವನ್ನೂ ಸುಟ್ಟವನಲ್ಲ. ಮನೆಯಲ್ಲಿ ಮೇಲಧಿಕಾರಿ ಯಾರೆಂಬ ಬಗ್ಗೆ ಗೊಂದಲವಿರಲಿಲ್ಲ. ಪಟ್ಟಿಯನ್ನು ಸರೋಜಳ ಮುಂದಿಟ್ಟೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. "ಇಟ್ಟಿರಿ, ನೋಡ್ತೀನಿ," ಎಂದಳು. ಎರಡು ದಿನ ಬಿಟ್ಟು ಸಹಿ ಹಾಕಿದ ಪಟ್ಟಿ ವಾಪಸು ಬಂತು. ನಾಶಪಡಿಸಿದೆ. ವೆಬ್‌ಸೈಟಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಕೈ ತೊಳೆದುಕೊಂಡು ಊಟಕ್ಕೆ ಕೂತೆ.

ಮೂರು ತಿಂಗಳಾದ ಮೇಲೆ ಒಂದು ಬುಧವಾರ ಚಿಂತಾಮಣಿಯಿಂದ ಫೋನು. ಸರೋಜಳ ಅಕ್ಕನ ಮಗಳು ಲತಾ, ಹೊಸ ಬಾಣಂತಿ. "ಚಿಕ್ಕಪ್ಪ, ಭಾನುವಾರ ನಾಮಕರಣ. ಪಾಪೂನ ತೊಟ್ಟಿಲಿಗೆ ಹಾಕುವಾಗ ಅಜ್ಜಿ ಜೋಗುಳ ಕೇಳಿಸ್ಬೇಕು. ನನ್ನನ್ನ ಮಲಗಿಸ್ತಿದ್ದ ಹಾಡು ಅದು. ನಿಮ್ಮ ಲೈಬ್ರರೀಲಿ ಇದೆಯಲ್ಲ?" ಎಂದಳು. "ಇಲ್ಲದೆ ಏನಮ್ಮ!" ಎಂದು ಗತ್ತಿನಿಂದ ಹೇಳಿ ಹುಡುಕಲು ಕೂತವನಿಗೆ ಐದು ನಿಮಿಷದಲ್ಲಿ ಬೆವರು ಕಿತ್ತುಕೊಂಡಿತು. ನನ್ನ ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಅವರ ದನಿ ಇದ್ದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಅದಕ್ಕೆ ಬೂಷ್ಟು ಹಿಡಿಯುವ ಮೊದಲೇ ಚಿಂತಾಮಣಿಯ ಸ್ಟುಡಿಯೋ ಮುನಿರಾಜು ಅದನ್ನು ಸಿ.ಡಿ.ಗೆ ಇಳಿಸಿಕೊಟ್ಟಿದ್ದ, ಸಿ.ಡಿ.ಯಿಂದ ಕಂಪ್ಯೂಟರಿಗೆ ಹಾಕಿದ್ದೆ. ಕ್ಯಾಸೆಟ್ಟು ಹೋಯಿತು, ಸಿ.ಡಿ.ಗೆ ಗೀರು ಬಿತ್ತು, ಕಂಪ್ಯೂಟರಿನ ಹಾರ್ಡ್ ಡಿಸ್ಕೂ ಸತ್ತಿತ್ತು. ಉಳಿದಿದ್ದದ್ದು ವೆಬ್‌ಸೈಟಿನಲ್ಲಿ ಮಾತ್ರ, ನಾಶಪಡಿಸಿದ ಆ ಏಳರಲ್ಲಿ ಟ್ರ್ಯಾಕ್ ನಾಲ್ಕು ಎಂಬ ಹೆಸರಿನಲ್ಲಿ. ಅತ್ತೆ ಬದುಕಿದ್ದಷ್ಟು ವರ್ಷವೂ ಆ ದನಿಗೆ ಹೆದರಿ ಬಾಳಿದ ನಾನು ಅದನ್ನು ಗುರುತು ಹಿಡಿಯದೆ ಅಳಿಸಿಬಿಟ್ಟಿದ್ದೆ.

ಮೂರು ದಿನ "ನೆಟ್ ಸ್ಲೋ" ಎಂದು ದಿನ ದೂಡಿದೆ. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ, ಟೊಮೆಟೊ ಕ್ರೇಟುಗಳ ಲಾರಿಗಳ ಹಿಂದೆ ತೆವಳುತ್ತಾ ಚಿಂತಾಮಣಿ ತಲುಪಿದೆ. "ಅಷ್ಟು ಹಳೇದೆಲ್ಲ ಯಾರ್ ಸಾರ್ ಮಡಿಕ್ಕೊಂತಾರೆ? ಯಾವತ್ತೋ ಅಳಿಸ್ದೆ," ಎಂದ ಮುನಿರಾಜು. ಬೈಯಲು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಬೈಯುವುದು?

ಮನೆಗೆ ಬಂದವನೇ ಸರೋಜಳ ಮುಂದೆ ಎಲ್ಲ ಒಪ್ಪಿಕೊಂಡೆ. ಕೊನೆಗೆ, ಗುಮಾಸ್ತನ ಬುದ್ಧಿ ನೋಡಿ, "ಆದ್ರೆ ಪಟ್ಟಿಗೆ ನೀನೂ ಸಹಿ ಹಾಕಿದ್ದೆ," ಎಂದೂ ಸೇರಿಸಿದೆ.

"ಹಾಕಿದ್ದೆ," ಎಂದಳು ಸರೋಜ. "ಒಂದೊಂದೂ ಪೂರ್ತಿ ಕೇಳಿ ಹಾಕಿದ್ದೆ. ಅಮ್ಮನ ದನಿ ಬಂತು. ನನ್ನ ಹೆಸರಲ್ಲೂ ಅದೇ ವೆಬ್‌ಸೈಟಲ್ಲಿ ಒಂದು ಖಾತೆ ಮಾಡ್ಕೊಂಡು ಏಳನ್ನೂ ನಿಮ್ಮ ಖಾತೆಯಿಂದ ಇಳಿಸ್ಕೊಂಡು ಅಲ್ಲಿಗೆ ಏರಿಸಿದೆ. ಆಮೇಲೆ ಸಹಿ ಹಾಕಿದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದಕ್ಕೂ ಒಂದು ವರ್ಗ ಮಾಡ್ತಿದ್ರಿ. ಕೂತ್ಕೊಳ್ಳಿ, ಮುಖ ಬಿಳಿಚ್ಕೊಂಡಿದೆ. ಕಾಫಿ ತರ್ತೀನಿ."

ಮದುವೆಯಾದಂದಿನಿಂದ ಅವಳು ನನ್ನನ್ನು ಬೈಯದೆ ಬಿಟ್ಟ ದಿನಗಳಲ್ಲಿ ಅಷ್ಟು ಸುಖವಾದ ದಿನ ಇನ್ನೊಂದಿಲ್ಲ. ಎರಡು ಲೋಟ ಕಾಫಿ ಕುಡಿದೆ.

ಭಾನುವಾರ ಲತಾಳ ಲ್ಯಾಪ್‌ಟಾಪಿನಲ್ಲಿ ಸರೋಜಳ ಖಾತೆ ತೆರೆದರು. ಮಗುವನ್ನು ತೊಟ್ಟಿಲಿಗೆ ಹಾಕಿದರು, ಹಾಡು ಶುರುವಾಯಿತು, ಎರಡು ಸಾಲಿಗೆ ನಿಂತಿತು. ತೆರೆಯ ಮೇಲೆ ಚಕ್ರ ತಿರುಗತೊಡಗಿತು. ಆರತಿ ತಟ್ಟೆ ಹಿಡಿದವರು ಹಿಡಿದಂತೆಯೇ ನಿಂತರು, ಪುರೋಹಿತರು ಗಡಿಯಾರ ನೋಡಿದರು, ಮಗು ರಾಗ ತೆಗೆಯಿತು. ಅಷ್ಟರಲ್ಲಿ ಹಾಡು ಮುಂದುವರಿಯಿತು. ನಾನು ಅರ್ಧ ನಿಮಿಷಕ್ಕೇ ನಿಲ್ಲಿಸಿದ್ದರಿಂದ ಕೇಳಿಯೇ ಇರದ ಭಾಗ ಅದು. ಜೋಗುಳದ ನಡುವೆ ಅತ್ತೆ ತಟ್ಟನೆ ನಿಲ್ಲಿಸಿ, "ಏ ಸರೋಜಾ, ಹಾಲು ಉಕ್ತಾ ಐತೆ ನೋಡೇ!" ಎಂದು ಕೂಗಿದರು. ಐವತ್ತು ದಾಟಿದ ನನ್ನ ಹೆಂಡತಿ "ಬಂದೇ ಅಮ್ಮಾ" ಎಂದು ಎದ್ದು ನಿಂತೇಬಿಟ್ಟಳು. ಎಲ್ಲರೂ ನಕ್ಕರು. ಅವಳೂ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ನಗಲೂ ಇಲ್ಲ, ಅಳಲೂ ಇಲ್ಲ. ಸದ್ಯ, ಉಳಿಯಿತಲ್ಲ ಎಂದು ಉಸಿರು ಬಿಟ್ಟೆ.

ಬಸ್ಸಿನಲ್ಲಿ ವಾಪಸು ಬರುವಾಗ ಸರೋಜ ಕಿಟಕಿಯ ಆಚೆ ನೋಡುತ್ತಾ ಕೇಳಿದಳು: "ಮನೇಲಿ ನಾನಿದ್ದೆ, ಕೇಳಿ ಸಹಿ ಹಾಕ್ದೆ. ಆಫೀಸಲ್ಲಿ ನಾಶ ಮಾಡೋ ಕಡತಾನ ಯಾರ್ರೀ ಓದ್ತಾರೆ?"

ನಾನು ಕೈಚೀಲದ ಜಿಪ್ಪು ಸರಿಮಾಡತೊಡಗಿದೆ.

ಸೋಮವಾರ ಕಚೇರಿಗೆ ಹೋದವನು ನಾಶಕ್ಕೆಂದು ಕಟ್ಟಿಟ್ಟಿದ್ದ ಕಟ್ಟುಗಳನ್ನು ಬಿಚ್ಚಿ, ನೆಲದ ಮೇಲೆ ಹರಡಿಕೊಂಡು, ಒಂದೊಂದೇ ಹಾಳೆ ಓದುತ್ತಾ ಕೂತೆ. ಬಾಗಿಲಲ್ಲಿ ನಿಂತ ನಂಜುಂಡಪ್ಪನಿಗೆ ಗಾಬರಿಯಾಯಿತು. "ಏನಪ್ಪ ಹುಡುಕ್ತಿದೀಯ?"

"ಏನಿಲ್ಲ ಕಣೋ," ಎಂದೆ. "ಇದ್ರಲ್ಲಿ ಯಾರ ಅತ್ತೆಯಾದ್ರೂ ಇದಾರಾ ಅಂತ ನೋಡ್ತಿದೀನಿ."